ಯುದ್ಧಕ್ಕೆ ಹೂಂ ಅಂದವರು ಯಾರು? 1914ರ ಜುಲೈ ತಿಂಗಳನ್ನು ತರಗತಿಯಲ್ಲಿ ಓದುವ ಬಗೆ

ಮೊದಲ ಮಹಾಯುದ್ಧದ ಪಾಠ ಓದಿದ ಯಾರನ್ನಾದರೂ ಅದರ ಕಾರಣ ಕೇಳಿ. ಉತ್ತರ ಹೆಚ್ಚುಕಡಿಮೆ ಒಂದೇ ತರ ಇರುತ್ತದೆ. ಸಾಮ್ರಾಜ್ಯಶಾಹಿ, ಉಗ್ರ ರಾಷ್ಟ್ರೀಯತೆ, ಮಿತ್ರಕೂಟಗಳು, ಶಸ್ತ್ರಾಸ್ತ್ರಗಳ ಪೈಪೋಟಿ. ಕೊನೆಗೆ 'ತಕ್ಷಣದ ಕಾರಣ' ಅನ್ನುವ ಶೀರ್ಷಿಕೆ, ಅದರ ಕೆಳಗೆ ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆ. ಇದರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಈ ಉತ್ತರ ಬರೆದ ವಿದ್ಯಾರ್ಥಿಗೆ ಇನ್ನೊಂದು ಪ್ರಶ್ನೆ ಹಾಕಿ ನೋಡಿ. ಕೊಲೆ ನಡೆದದ್ದು 1914ರ ಜೂನ್ 28ರಂದು. ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ ಪಕ್ಕದ ಸರ್ಬಿಯಾದ ಮೇಲೆ ಯುದ್ಧ ಸಾರಿದ್ದು ಜುಲೈ 28ರಂದು. ನಡುವೆ ಪೂರ್ತಿ ಒಂದು ತಿಂಗಳು ಇದೆಯಲ್ಲ, ಆಗ ಯಾರು ಏನು ಮಾಡುತ್ತಿದ್ದರು?

ಬಹಳ ಮಕ್ಕಳು ಇಲ್ಲಿ ಸುಮ್ಮನಾಗುತ್ತಾರೆ. ಅವರ ತಪ್ಪೇನಿಲ್ಲ, ಆ ತಿಂಗಳು ಅವರ ಪಾಠದಲ್ಲೇ ಇಲ್ಲ. ಗುಂಡು ಹಾರಿತು, ಯುದ್ಧ ಶುರುವಾಯಿತು ಅಂತ ಎರಡು ವಾಕ್ಯ ಅಕ್ಕಪಕ್ಕ ಕೂತಿರುತ್ತವೆ. ಆದರೆ ಯುದ್ಧ, ರಾಜತಂತ್ರ, ಸರ್ಕಾರ ಎಂಬ ಮೂರೂ ವಿಷಯ ಕಲಿಯುವುದಕ್ಕೆ ಆ ಒಂದು ತಿಂಗಳಿಗಿಂತ ಒಳ್ಳೆಯ ಪ್ರಕರಣ ಶಾಲಾ ಇತಿಹಾಸದಲ್ಲಿ ಸಿಗುವುದು ಕಷ್ಟ. ಅದನ್ನು ಹೈಸ್ಕೂಲ್ ತರಗತಿಯಲ್ಲಿ ಹೇಗೆ ಬಿಡಿಸಿಡಬಹುದು ಅನ್ನುವುದೇ ಈ ಬರಹ. ನಾನು ಇದರಲ್ಲಿ ಹಿಡಿದಿರುವ ದಾರಿ ಸರಳ. ಪ್ರತಿ ಹೆಜ್ಜೆಗೂ ಮೂರೇ ಪ್ರಶ್ನೆ: ಇದನ್ನು ನಿರ್ಧರಿಸಿದವರು ಯಾರು? ಬೇಡ ಅನ್ನುವ ಅಧಿಕಾರ ಯಾರಿಗಿತ್ತು? ಆ ಹೊತ್ತಿಗೆ ಅವರಿಗೆ ಗೊತ್ತಿದ್ದದ್ದೇನು?

ಒಂದು ಷರತ್ತು ಮಾತ್ರ ಮೊದಲೇ ಹಾಕಬೇಕು. ಆಗಸ್ಟ್ ಬರುವವರೆಗೆ ತರಗತಿಯಲ್ಲಿ ಯಾರೂ 'ಮಹಾಯುದ್ಧ' ಅನ್ನಬಾರದು. ಜುಲೈನಲ್ಲಿ ಅಂಥದ್ದೊಂದು ಇರಲಿಲ್ಲ. ಇದ್ದದ್ದು ಒಂದು ಕೊಲೆ, ಒಂದು ದೊಡ್ಡ ಸಾಮ್ರಾಜ್ಯ, ಅದರ ಪಕ್ಕದ ಒಂದು ಸಣ್ಣ ದೇಶ. ಮುಂದೆ ಆದದ್ದನ್ನು ತಲೆಯಲ್ಲಿಟ್ಟುಕೊಂಡು ಓದಿದರೆ ಎಲ್ಲವೂ ಆಗಲೇಬೇಕಿತ್ತು ಅನ್ನಿಸಿಬಿಡುತ್ತದೆ. ಹಾಗನ್ನಿಸಿದ ಮೇಲೆ ಇತಿಹಾಸದಲ್ಲಿ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ.

ಮೌನದ ಮೂರು ವಾರ

ಯುವರಾಜ ಫ್ರಾಂಜ್ ಫರ್ಡಿನೆಂಡ್ ಮತ್ತು ಅವರ ಹೆಂಡತಿ ಸೋಫಿಯನ್ನು ಕೊಂದ ಗಾವ್ರಿಲೊ ಪ್ರಿನ್ಸಿಪ್‌ಗೆ ಆಗ 19 ವರ್ಷ. ಅವನು ಬೋಸ್ನಿಯಾದವನು, ಅಂದರೆ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ನಾಡಿನವನು. ಆದರೆ ಆಯುಧ ಬಂದದ್ದು ಸರ್ಬಿಯಾದಿಂದ. ಸರ್ಬಿಯಾಕ್ಕೆ ಬುದ್ಧಿ ಕಲಿಸಬೇಕು ಅನ್ನುವವರು ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ಮೊದಲಿನಿಂದಲೂ ಇದ್ದರು. ಸೇನಾ ಮುಖ್ಯಸ್ಥ ಕೊನ್ರಾಡ್ ವರ್ಷಗಳಿಂದ ಅದನ್ನೇ ಹೇಳುತ್ತಿದ್ದರು. ಈಗ ಅವರ ಕೈಗೆ ಒಂದು ಕಾರಣ ಸಿಕ್ಕಿತು.

ಹಾಗಿದ್ದರೆ ಮಾರನೆಯ ದಿನವೇ ಏಕೆ ಯುದ್ಧವಾಗಲಿಲ್ಲ? ಈ ಪ್ರಶ್ನೆಯನ್ನು ಮಕ್ಕಳ ಮುಂದಿಟ್ಟು ಸ್ವಲ್ಪ ಹೊತ್ತು ಬಿಡಬೇಕು. ಉತ್ತರಗಳು ಬೇರೆ ಬೇರೆ ದಿಕ್ಕಿನಿಂದ ಬರುತ್ತವೆ, ಎಲ್ಲವೂ ಬೇಕಾದವೇ. ಮೊದಲನೆಯದು ರಾಜತಂತ್ರ. ಸರ್ಬಿಯಾದ ಬೆನ್ನಿಗೆ ರಷ್ಯಾ ನಿಂತರೆ ಏನು ಗತಿ? ಅದಕ್ಕೆ ಜರ್ಮನಿಯ ಭರವಸೆ ಬೇಕಿತ್ತು. ಜುಲೈ 5 ಮತ್ತು 6ರಂದು ಜರ್ಮನಿಯ ಚಕ್ರವರ್ತಿ ಕೈಸರ್ ಎರಡನೇ ವಿಲ್ಹೆಲ್ಮ್ ಮತ್ತು ಸರ್ಕಾರದ ಮುಖ್ಯಸ್ಥ, ಚಾನ್ಸಲರ್ ಬೆತ್ಮನ್ ಹಾಲ್ವೆಗ್ ಆ ಭರವಸೆ ಕೊಟ್ಟರು. ನೀವು ಏನೇ ಮಾಡಿದರೂ ನಿಮ್ಮ ಜೊತೆ ಇದ್ದೇವೆ ಅನ್ನುವ ಈ ಮಾತಿಗೆ ಇತಿಹಾಸದಲ್ಲಿ 'ಖಾಲಿ ಚೆಕ್' ಅನ್ನುವ ಹೆಸರೇ ಬಿದ್ದಿದೆ. ಎರಡನೆಯದು ಸರ್ಕಾರದ ರಚನೆ. ಅದು ಆಸ್ಟ್ರಿಯಾ ಒಂದೇ ಅಲ್ಲ, ಆಸ್ಟ್ರಿಯಾ-ಹಂಗೇರಿ. ಹಂಗೇರಿಯ ಪ್ರಧಾನಿ ಇಶ್ತ್ವಾನ್ ತಿಸಾ ಒಪ್ಪದೆ ಹೆಜ್ಜೆ ಮುಂದಿಡುವಂತಿರಲಿಲ್ಲ. ಅವರು ಜುಲೈ 14ರವರೆಗೆ ಒಪ್ಪಲಿಲ್ಲ. ಮೂರನೆಯದು ಹೊಲ. ಸೈನಿಕರಲ್ಲಿ ಬಹಳ ಜನ ಸುಗ್ಗಿ ರಜೆಯಲ್ಲಿ ಊರಿಗೆ ಹೋಗಿದ್ದರು. ಅವರನ್ನು ದಿಢೀರನೆ ವಾಪಸ್ ಕರೆದರೆ ಇಡೀ ಯುರೋಪಿಗೆ ಗುಟ್ಟು ಗೊತ್ತಾಗುತ್ತಿತ್ತು.

ತಿಸಾ ಅವರ ವಿಷಯದಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕು ಅನ್ನುವುದು ನನ್ನ ಅಭಿಪ್ರಾಯ. ಬೇಡ ಅನ್ನುವ ಅಧಿಕಾರ ಇದ್ದು, ಅದನ್ನು ಒಂದಷ್ಟು ದಿನ ಬಳಸಿ, ಆಮೇಲೆ ಕೈಬಿಟ್ಟವರು ಅವರು. ಸರ್ಬಿಯಾದ ನೆಲವನ್ನು ಸಾಮ್ರಾಜ್ಯಕ್ಕೆ ಸೇರಿಸಿಕೊಳ್ಳಬಾರದು ಅಂತ ಷರತ್ತು ಹಾಕಿ ಒಪ್ಪಿದರು. ಯಾಕೆ ಒಪ್ಪಿದರು? ಜರ್ಮನಿಯ ಒತ್ತಡವೇ? ಒಂಟಿಯಾಗುವ ಭಯವೇ? ಪಠ್ಯಪುಸ್ತಕಗಳಲ್ಲಿ ಈ ಹೆಸರೇ ಬರುವುದಿಲ್ಲ. ಆದರೆ ಯುದ್ಧವನ್ನು ತಡೆಯುವ ಅಧಿಕಾರ ಒಂದು ಕುರ್ಚಿಯಲ್ಲಿ ಹೇಗಿರುತ್ತದೆ, ಹೇಗೆ ಕರಗುತ್ತದೆ ಅಂತ ತೋರಿಸುವುದಕ್ಕೆ ಇವರಿಗಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಇತ್ತ ಹೊರಗೆ ಎಲ್ಲವೂ ಶಾಂತ. ಕೈಸರ್ ಪ್ರತಿ ವರ್ಷದಂತೆ ನಾರ್ವೆ ಕಡೆ ಹಡಗಿನಲ್ಲಿ ವಿಹಾರಕ್ಕೆ ಹೋದರು. ಅನುಮಾನ ಬರದಿರಲಿ ಅಂತ ವಿಯೆನ್ನಾದ ಸೇನಾ ಮುಖ್ಯಸ್ಥರನ್ನೂ ಯುದ್ಧ ಮಂತ್ರಿಯನ್ನೂ ರಜೆಗೆ ಕಳಿಸಿದರು. ಆ ಹೊತ್ತಿಗೆ ಫ್ರಾನ್ಸಿನ ಅಧ್ಯಕ್ಷ ಪ್ವಾಂಕರೆ ಮತ್ತು ಪ್ರಧಾನಿ ವಿವಿಯಾನಿ ರಷ್ಯಾದ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ಭೇಟಿ ಕೊಟ್ಟಿದ್ದರು. ಅವರು ರಷ್ಯಾದ ಚಕ್ರವರ್ತಿ ಝಾರ್ ಜೊತೆ ಒಂದೇ ಮೇಜಿನಲ್ಲಿ ಕೂತಿರುವಾಗ ಸರ್ಬಿಯಾಕ್ಕೆ ಬೇಡಿಕೆ ಮತ್ತು ಗಡುವು ಹಾಕಿದ ಅಂತಿಮ ಪತ್ರ ಹೊರಬೀಳುವುದು ವಿಯೆನ್ನಾಕ್ಕೆ ಬೇಡವಾಗಿತ್ತು. ಹಾಗಾಗಿ ಅವರ ಹಡಗು ಹೊರಡುವ ದಿನಕ್ಕೆ ಕಾದು, ಜುಲೈ 23ರ ಸಂಜೆ 6ಕ್ಕೆ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ನಲ್ಲಿ ಪತ್ರ ಕೊಟ್ಟರು. ಇದು ರಾಜತಂತ್ರದ ಪಾಠವೇ. ಏನು ಹೇಳುತ್ತೇವೆ ಅನ್ನುವಷ್ಟೇ ಮುಖ್ಯ, ಯಾವ ಗಂಟೆಗೆ ಹೇಳುತ್ತೇವೆ ಅನ್ನುವುದು.

ಹತ್ತು ಬೇಡಿಕೆ, 48 ಗಂಟೆ

ಪತ್ರದಲ್ಲಿ ಹತ್ತು ಬೇಡಿಕೆಗಳಿದ್ದವು, ಉತ್ತರಕ್ಕೆ 48 ಗಂಟೆ ಗಡುವು. ಆರನೆಯದು ಮುಖ್ಯ: ಕೊಲೆಯ ಸಂಚಿನ ತನಿಖೆಯಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ಸರ್ಬಿಯಾದ ನೆಲದಲ್ಲೇ ಭಾಗವಹಿಸಬೇಕು. ಒಂದು ಸ್ವತಂತ್ರ ದೇಶ ಇದಕ್ಕೆ ಹೇಗೆ ಒಪ್ಪುತ್ತದೆ? ಬ್ರಿಟನ್ನಿನ ವಿದೇಶಾಂಗ ಮಂತ್ರಿ ಎಡ್ವರ್ಡ್ ಗ್ರೇ ಈ ಪತ್ರವನ್ನು ಓದಿ, ಒಂದು ಸ್ವತಂತ್ರ ರಾಜ್ಯ ಇನ್ನೊಂದಕ್ಕೆ ಇಷ್ಟು ಭಯಂಕರ ಪತ್ರ ಬರೆದದ್ದನ್ನು ತಾವು ಕಂಡಿಲ್ಲ ಎಂದರು. ಜುಲೈ 24ರಂದು ಅವರು ಅದನ್ನು ಮಂತ್ರಿಮಂಡಲದ ಮುಂದೆ ಓದಿದಾಗ, ಅಲ್ಲಿದ್ದವರೆಲ್ಲ ಅದುವರೆಗೆ ಐರ್ಲೆಂಡಿನ ಸಮಸ್ಯೆಯಲ್ಲಿ ಮುಳುಗಿದ್ದರು.

ಇಲ್ಲಿ ತರಗತಿಯನ್ನು ಸರ್ಬಿಯಾದ ಮಂತ್ರಿಮಂಡಲ ಮಾಡಬೇಕು. ಪ್ರಧಾನಿ ನಿಕೊಲಾ ಪಾಷಿಚ್ ಚುನಾವಣಾ ಪ್ರಚಾರಕ್ಕೆ ರಾಜಧಾನಿಯಿಂದ ಹೊರಗೆ ಹೋಗಿದ್ದರು. ಎರಡು ಬಾಲ್ಕನ್ ಯುದ್ಧಗಳಾಗಿ ಒಂದು ವರ್ಷವೂ ಸರಿಯಾಗಿ ಕಳೆದಿಲ್ಲ, ಸೈನ್ಯ ದಣಿದಿದೆ. ರಷ್ಯಾ ಏನು ಮಾಡುತ್ತದೆ ಅನ್ನುವುದು ಖಚಿತವಿಲ್ಲ. ಈಗ ಉತ್ತರ ಬರೆಯಿರಿ. ಮಕ್ಕಳು ಸಾಮಾನ್ಯವಾಗಿ ಎರಡು ಪಂಗಡವಾಗುತ್ತಾರೆ. ಒಂದು ಪಂಗಡ ಪೂರ್ತಿ ಒಪ್ಪಿ ಜನರನ್ನು ಉಳಿಸಿ ಅನ್ನುತ್ತದೆ. ಇನ್ನೊಂದು ಪಂಗಡಕ್ಕೆ ಒಂದಕ್ಕೂ ತಲೆಬಾಗುವುದು ಬೇಡ. ಆಗ ಸರ್ಬಿಯಾ ನಿಜವಾಗಿ ಕೊಟ್ಟ ಉತ್ತರವನ್ನು ತೋರಿಸಬೇಕು. ಅದು ಹೆಚ್ಚಿನ ಬೇಡಿಕೆಗಳನ್ನು ಒಪ್ಪಿತು, ಕೆಲವಕ್ಕೆ ಜಾಣತನದ ತಿರುವು ಕೊಟ್ಟಿತು, ಆರನೆಯದಕ್ಕೆ ಇಲ್ಲ ಎಂದಿತು. ಅದೇ ದಿನ ಸೈನ್ಯ ಸಜ್ಜುಗೊಳಿಸುವ ಆದೇಶವೂ ಹೊರಟಿತು. ಅಂದರೆ ಆ ಉತ್ತರವನ್ನು ಬರೀ ವಿಯೆನ್ನಾಕ್ಕೆ ಬರೆದದ್ದಲ್ಲ. ಲಂಡನ್, ಪ್ಯಾರಿಸ್, ಬರ್ಲಿನ್‌ನಲ್ಲಿ ಓದುವವರಿಗೂ ಬರೆದದ್ದು.

ಜುಲೈ 25ರ ಸಂಜೆ ಪಾಷಿಚ್ ತಾವೇ ಹೋಗಿ ಉತ್ತರ ಕೊಟ್ಟರು. ಆಸ್ಟ್ರಿಯಾದ ರಾಯಭಾರಿ ಗೀಸ್ಲ್ ಅದರ ಮೇಲೆ ಕಣ್ಣಾಡಿಸಿ, ಸಂಬಂಧ ಮುರಿದಿದೆ ಎಂದು ತಿಳಿಸಿ, ಆರೂವರೆಯ ರೈಲಿಗೆ ಹೊರಟುಬಿಟ್ಟರು. ಅಷ್ಟು ಹೊತ್ತಿನಲ್ಲಿ ಆ ಉತ್ತರವನ್ನು ಯಾರೂ ತೂಗಿ ನೋಡಿರಲು ಸಾಧ್ಯವಿಲ್ಲ ಅಲ್ವಾ? ಅಂದರೆ ಉತ್ತರ ಏನೇ ಇರಲಿ, ಏನು ಮಾಡಬೇಕು ಅನ್ನುವುದು ಮೊದಲೇ ತೀರ್ಮಾನವಾಗಿತ್ತು. ಇದನ್ನು ಮಕ್ಕಳೇ ಕಂಡುಕೊಳ್ಳಲಿ, ನಾವು ಹೇಳುವುದು ಬೇಡ.

ಕೈಸರ್ ಆ ಉತ್ತರವನ್ನು ಸಾವಧಾನವಾಗಿ ಓದಿದ್ದು ಜುಲೈ 28ರ ಬೆಳಿಗ್ಗೆ, ವಿಹಾರ ಮುಗಿಸಿ ಬಂದ ಮೇಲೆ. ಯುದ್ಧಕ್ಕೆ ಇನ್ನು ಕಾರಣವೇ ಉಳಿದಿಲ್ಲ ಅಂತ ಅದರ ಅಂಚಿನಲ್ಲಿ ಬರೆದರು. ಆಸ್ಟ್ರಿಯಾ ಬೆಲ್‌ಗ್ರೇಡ್‌ನಲ್ಲೇ ನಿಂತು ಮಾತುಕತೆ ನಡೆಸಲಿ ಎಂದು ಸೂಚಿಸಿದರು. ಅದೇ ದಿನ ವಿಯೆನ್ನಾ ತಂತಿಯ ಮೂಲಕ ಯುದ್ಧ ಸಾರಿತು. ಸಹಿ ಹಾಕಿದ ಚಕ್ರವರ್ತಿ ಫ್ರಾಂಜ್ ಜೋಸೆಫ್‌ಗೆ 83 ವರ್ಷ.

ಅದೇ ಮಾತುಕತೆ ಹಿಂದೆ ಹೇಗೆ ಫಲಿಸಿತ್ತು?

ಇಲ್ಲಿ ಕಥೆ ನಿಲ್ಲಿಸಿ ಸ್ವಲ್ಪ ಹಿಂದಕ್ಕೆ ಹೋಗುವುದು ಒಳ್ಳೆಯದು. ಜುಲೈ 26ರಂದು ಗ್ರೇ ಒಂದು ಪ್ರಸ್ತಾಪ ಇಟ್ಟಿದ್ದರು. ಬ್ರಿಟನ್, ಜರ್ಮನಿ, ಫ್ರಾನ್ಸ್, ಇಟಲಿ ಕೂತು ಮಾತಾಡೋಣ ಎಂದಿದ್ದರು. ಇದು ಕನಸಿನ ಮಾತಾಗಿರಲಿಲ್ಲ. 1912ರ ಕೊನೆಯಿಂದ 1913ರವರೆಗೆ ಬಾಲ್ಕನ್ ಯುದ್ಧಗಳ ಕಾಲದಲ್ಲಿ ಇದೇ ಗ್ರೇ ಲಂಡನ್‌ನಲ್ಲಿ ದೊಡ್ಡ ದೇಶಗಳ ರಾಯಭಾರಿಗಳನ್ನು ಕೂರಿಸಿ ಮಾತುಕತೆ ನಡೆಸಿದ್ದರು. ಅಲ್ಬೇನಿಯಾ ಎಂಬ ಹೊಸ ದೇಶದ ವಿಷಯ ಅಲ್ಲೇ ಇತ್ಯರ್ಥವಾಯಿತು. ದೊಡ್ಡ ದೇಶಗಳು ಒಂದಕ್ಕೊಂದು ಹೊಡೆದಾಡಲಿಲ್ಲ. ಮಿತ್ರಕೂಟಗಳು ಆಗಲೂ ಇದ್ದವು. ಶಸ್ತ್ರಾಸ್ತ್ರ ಪೈಪೋಟಿ ಆಗಲೂ ಇತ್ತು. ರಾಷ್ಟ್ರೀಯತೆಗಂತೂ ಕೊರತೆಯೇ ಇರಲಿಲ್ಲ.

ಪಠ್ಯದ ನಾಲ್ಕು ಕಾರಣಗಳೂ 1913ರಲ್ಲಿ ಇದ್ದವು, ಆದರೂ ಯುದ್ಧ ತಪ್ಪಿತು. ಹಾಗಾದರೆ ಆ ಕಾರಣಗಳಷ್ಟೇ ಸಾಲುವುದಿಲ್ಲ. 1913ಕ್ಕೂ 1914ಕ್ಕೂ ಬದಲಾದದ್ದೇನು? ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಒಂದು ಉತ್ತರ ಸ್ಪಷ್ಟವಾಗಿದೆ. ಆಗ ಜರ್ಮನಿ ಆಸ್ಟ್ರಿಯಾದ ಕೈ ಹಿಡಿದು ನಿಲ್ಲಿಸಿತ್ತು, ಈಗ ಮುಂದೆ ಹೋಗು ಎಂದಿತು. ಗ್ರೇ ಅವರ ಪ್ರಸ್ತಾಪಕ್ಕೆ ಬರ್ಲಿನ್ ಒಪ್ಪಲಿಲ್ಲ. ತಮ್ಮ ಮಿತ್ರನನ್ನು ಯುರೋಪಿನ ಕಟಕಟೆಯಲ್ಲಿ ನಿಲ್ಲಿಸಲು ಆಗುವುದಿಲ್ಲ ಎಂದಿತು. ಇನ್ನೊಂದು ಉತ್ತರವೂ ಇದೆ. 1913ರ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾ ಸರ್ಬಿಯಾಕ್ಕೆ ಗಡುವು ಕೊಟ್ಟು, ಅಲ್ಬೇನಿಯಾದಿಂದ ಸೈನ್ಯ ವಾಪಸ್ ತೆಗೆಸಿತ್ತು. ಬೆದರಿಸಿದರೆ ಕೆಲಸ ಆಗುತ್ತದೆ ಅನ್ನುವುದನ್ನು ವಿಯೆನ್ನಾ ಅಲ್ಲಿ ಕಲಿತಿತ್ತು.

ಜುಲೈ 29ರಿಂದ 31: ಆಳುವವರು ಯಾರು?

ಈ ಮೂರು ದಿನಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಸಮಯ ಕೊಡುತ್ತೇನೆ. ರಷ್ಯಾದಿಂದ ಶುರುಮಾಡೋಣ. ಸೈನ್ಯ ಸಜ್ಜುಗೊಳಿಸುವುದು ಅಂದರೆ ಲಕ್ಷಾಂತರ ಮೀಸಲು ಸೈನಿಕರನ್ನು ಕರೆದು, ರೈಲಿಗೆ ಹತ್ತಿಸಿ, ಗಡಿಗೆ ಒಯ್ಯುವುದು. ರಷ್ಯಾದಲ್ಲಿ ದೂರ ಜಾಸ್ತಿ, ರೈಲು ಮಾರ್ಗ ಕಡಿಮೆ. ಹಾಗಾಗಿ ಬೇಗ ಶುರುಮಾಡಬೇಕು ಅಂತ ಸೇನಾಧಿಕಾರಿಗಳ ಒತ್ತಾಯ. ಝಾರ್ ಎರಡನೇ ನಿಕೊಲಾಸ್ ಆಸ್ಟ್ರಿಯಾದ ವಿರುದ್ಧ ಮಾತ್ರ ಸಜ್ಜಾದರೆ ಸಾಕು ಎಂದುಕೊಂಡರು. ಅರ್ಧ ಸಜ್ಜಾದರೆ ಆಮೇಲೆ ಪೂರ್ತಿ ಸಜ್ಜಾಗುವ ಯೋಜನೆಯೇ ಹಾಳಾಗುತ್ತದೆ ಅಂತ ಸೇನೆ ಹೇಳಿತು. ಜುಲೈ 29ರ ಸಂಜೆ ಪೂರ್ತಿ ಸಜ್ಜುಗೊಳಿಸುವ ಆದೇಶ ತಂತಿ ಕಚೇರಿಯವರೆಗೆ ಹೋಗಿತ್ತು. ಅಷ್ಟರಲ್ಲಿ ಝಾರ್ ಅದನ್ನು ತಡೆದರು, ಕೈಸರ್ ಕಳಿಸಿದ ತಂತಿ ಅವರ ಮನಸ್ಸು ಬದಲಿಸಿತ್ತು. ಮಾರನೆಯ ದಿನ ವಿದೇಶಾಂಗ ಮಂತ್ರಿ ಸಜೊನೊವ್ ಹೋಗಿ ಮತ್ತೆ ಒಪ್ಪಿಸಿದರು. ಒಪ್ಪಿಗೆ ಸಿಕ್ಕ ಮೇಲೆ ನನ್ನ ಟೆಲಿಫೋನ್ ಒಡೆದುಹಾಕುತ್ತೇನೆ, ಯಾರೂ ಮತ್ತೆ ಆದೇಶ ಬದಲಿಸಲು ಆಗಬಾರದು ಅಂತ ಸೇನಾ ಮುಖ್ಯಸ್ಥ ಯಾನುಷ್ಕೆವಿಚ್ ಹೇಳಿದ್ದರು.

ಈ ಟೆಲಿಫೋನ್ ಸಂಗತಿ ಮಕ್ಕಳಿಗೆ ಮರೆಯುವುದಿಲ್ಲ. ಆದರೆ ಅದು ಬರೀ ರೋಚಕ ಸಂಗತಿಯಾಗಿ ಉಳಿಯಬಾರದು. ಕೇಳಬೇಕಾದ್ದು ಬೇರೆ. ಇಡೀ ದೇಶದ ಯುದ್ಧ-ಶಾಂತಿ ಒಬ್ಬನ ಮನಸ್ಸಿನ ಮೇಲೆ ನಿಂತಿದ್ದರೆ, ಆ ಮನಸ್ಸು ಬದಲಾಗದಂತೆ ನೋಡಿಕೊಳ್ಳುವುದೇ ಸುತ್ತಲಿನವರ ಕೆಲಸವಾಗುತ್ತದೆ. ರಷ್ಯಾದ 1906ರ ಮೂಲ ಕಾನೂನಿನಲ್ಲಿ ಯುದ್ಧ ಮತ್ತು ಶಾಂತಿ ಝಾರ್‌ನ ಹಕ್ಕು. ಡೂಮಾ ಎಂಬ ಸಂಸತ್ತು ಇತ್ತು, ಆದರೆ ಈ ವಿಷಯದಲ್ಲಿ ಅದನ್ನು ಕೇಳುವ ಅಗತ್ಯವಿರಲಿಲ್ಲ.

ಜರ್ಮನಿಯ ಕಥೆ ಇನ್ನೂ ಗೋಜಲು. ಜುಲೈ 29ರ ರಾತ್ರಿ ಕಳೆದು ಬೆಳಗಾಗುವ ಮೊದಲು ಚಾನ್ಸಲರ್ ಬೆತ್ಮನ್ ವಿಯೆನ್ನಾಕ್ಕೆ ತಂತಿ ಕಳಿಸಿದರು: ಮಧ್ಯಸ್ಥಿಕೆಗೆ ಒಪ್ಪಿ, ನಮ್ಮನ್ನು ಬೆಂಕಿಗೆ ಎಳೆಯಬೇಡಿ. ಬ್ರಿಟನ್ ಸುಮ್ಮನೆ ಕೂರುವುದಿಲ್ಲ ಅನ್ನುವುದು ಆ ಹೊತ್ತಿಗೆ ಅವರಿಗೆ ಖಚಿತವಾಗಿತ್ತು. ಅದೇ ಜುಲೈ 30ರಂದು ಜರ್ಮನಿಯ ಸೇನಾ ಮುಖ್ಯಸ್ಥ ಮೋಲ್ಟ್ಕೆ ವಿಯೆನ್ನಾದ ಸೇನಾ ಮುಖ್ಯಸ್ಥರಿಗೆ ಬೇರೆ ಮಾತು ಹೇಳಿದರು: ತಡಮಾಡಬೇಡಿ, ರಷ್ಯಾದ ವಿರುದ್ಧ ಸಜ್ಜಾಗಿ. ಒಂದೇ ರಾಜಧಾನಿಯಿಂದ ಎರಡು ವಿರುದ್ಧ ಸಂದೇಶ! ಆಸ್ಟ್ರಿಯಾದ ವಿದೇಶಾಂಗ ಮಂತ್ರಿ ಬೆರ್ಖ್‌ಟೋಲ್ಡ್ ಅದನ್ನು ಕೇಳಿ, ಅಲ್ಲಿ ಆಳುವವರು ಯಾರು, ಮೋಲ್ಟ್ಕೆಯೋ ಬೆತ್ಮನ್ನೋ ಎಂದರಂತೆ.

ಆ ಪ್ರಶ್ನೆಗೆ ಉತ್ತರ ಜರ್ಮನಿಯ ಸಂವಿಧಾನದಲ್ಲಿದೆ. ಚಾನ್ಸಲರ್ ಜವಾಬ್ದಾರರಾಗಿದ್ದದ್ದು ಸಂಸತ್ತಿಗಲ್ಲ, ಕೈಸರ್‌ಗೆ. ಸೇನಾ ಮುಖ್ಯಸ್ಥರು ಚಾನ್ಸಲರ್ ಕೈಕೆಳಗೆ ಇರಲಿಲ್ಲ, ನೇರವಾಗಿ ಕೈಸರ್ ಬಳಿ ಹೋಗುತ್ತಿದ್ದರು. ಇಬ್ಬರ ಮಾತನ್ನೂ ಒಂದು ಮಾಡಬೇಕಾದವರು ಕೈಸರ್ ಒಬ್ಬರೇ. ನಾಗರಿಕ ಸರ್ಕಾರದ ಕೈಕೆಳಗೆ ಸೇನೆ ಇರಬೇಕು ಅಂತ ಪೌರನೀತಿ ಪಾಠದಲ್ಲಿ ಒಂದು ಸಾಲು ಬರುತ್ತದಲ್ಲ, ಅದು ಯಾಕೆ ಬೇಕು ಅಂತ ಈ ಒಂದು ದಿನ ಹೇಳಿಕೊಡುತ್ತದೆ.

ಆ ದಿನಗಳಲ್ಲಿ ಸೇನಾ ಯೋಜನೆ ಎಂಥ ಬಿಗಿ ಹಿಡಿತ ಹಿಡಿದಿತ್ತು ಅನ್ನುವುದಕ್ಕೆ ಆಗಸ್ಟ್ 1ರ ಸಂಜೆ ನೋಡಬೇಕು. ಜರ್ಮನಿಯ ಯೋಜನೆಯಲ್ಲಿ ರಷ್ಯಾ ಸಜ್ಜಾಗುವ ಮೊದಲೇ ಫ್ರಾನ್ಸನ್ನು ಸೋಲಿಸಬೇಕಿತ್ತು. ಆದ್ದರಿಂದ ರಷ್ಯಾದ ಜೊತೆ ಜಗಳವಾದರೂ ಸೈನ್ಯ ಮೊದಲು ಹೋಗುವುದು ಪಶ್ಚಿಮಕ್ಕೆ, ಬೆಲ್ಜಿಯಂ ಮೂಲಕ. ಫ್ರಾನ್ಸ್ ತಟಸ್ಥವಾಗಿ ಉಳಿಯಬಹುದು ಅನ್ನುವ ಸುದ್ದಿ ಲಂಡನ್‌ನಲ್ಲಿದ್ದ ಜರ್ಮನ್ ರಾಯಭಾರಿಯಿಂದ ಬಂತು. ಕೈಸರ್ ಖುಷಿಯಾಗಿ, ಹಾಗಾದರೆ ಪೂರ್ತಿ ಸೈನ್ಯ ಪೂರ್ವಕ್ಕೆ ಹೋಗಲಿ ಎಂದರು. ಅದು ಆಗದ ಮಾತು ಅಂತ ಮೋಲ್ಟ್ಕೆ ಹೇಳಿಬಿಟ್ಟರು. ಪೂರ್ವದ ಕಡೆಗಷ್ಟೇ ಹೋಗುವ ಯೋಜನೆಯನ್ನು 1913ರಲ್ಲೇ ಕೈಬಿಟ್ಟಿದ್ದರು. ಲಂಡನ್ ಸುದ್ದಿ ತಪ್ಪು ತಿಳಿವಳಿಕೆಯದು ಅಂತ ಆ ರಾತ್ರಿಯೇ ಗೊತ್ತಾಯಿತು, ಅದು ಬೇರೆ ಮಾತು. ಆದರೆ ಆಳುವವನ ಮುಂದೆ ಒಂದೇ ದಾರಿ ಉಳಿಯುವಂತೆ ಶಾಂತಿಯ ಕಾಲದಲ್ಲೇ ಯೋಜನೆ ಮಾಡಿಟ್ಟಿದ್ದರು.

ಉಳಿದದ್ದನ್ನು ತರಗತಿಯಲ್ಲಿ ಬೇಗ ಹೇಳಿ ಮುಗಿಸಬಹುದು. ಆಗಸ್ಟ್ 1ರಂದು ಜರ್ಮನಿ ರಷ್ಯಾದ ಮೇಲೆ, 3ರಂದು ಫ್ರಾನ್ಸಿನ ಮೇಲೆ ಯುದ್ಧ ಸಾರಿತು. 4ರಂದು ಬೆಲ್ಜಿಯಂಗೆ ನುಗ್ಗಿತು. ಬೆಲ್ಜಿಯಂನ ತಟಸ್ಥತೆಗೆ 1839ರ ಒಪ್ಪಂದದ ಖಾತರಿ ಇತ್ತು. ಅಂದೇ ರಾತ್ರಿ ಬ್ರಿಟನ್ ಯುದ್ಧಕ್ಕಿಳಿಯಿತು.

ಸಂಸತ್ತುಗಳು ಎಲ್ಲಿದ್ದವು?

ಇಷ್ಟಾದ ಮೇಲೆ ಬೋರ್ಡಿನ ಮೇಲೆ ದೇಶಗಳ ಹೆಸರು ಬರೆದು ಒಂದೇ ಪ್ರಶ್ನೆ ಕೇಳಬೇಕು: ಜನರ ಪ್ರತಿನಿಧಿಗಳನ್ನು ಯಾರಾದರೂ ಕೇಳಿದರಾ? ವಿಯೆನ್ನಾದ ಸಂಸತ್ತನ್ನು ಮಾರ್ಚ್‌ನಲ್ಲೇ ಮುಂದೂಡಿದ್ದರು, ಅದು ಸಭೆ ಸೇರಲೇ ಇಲ್ಲ. ಜರ್ಮನಿಯ ಸಂಸತ್ತಿನ ಮುಂದೆ ಯುದ್ಧದ ಖರ್ಚಿನ ವಿಷಯ ಬಂದದ್ದು ಆಗಸ್ಟ್ 4ರಂದು, ಯುದ್ಧ ಶುರುವಾದ ಮೇಲೆ. ಫ್ರಾನ್ಸಿನಲ್ಲಿ ಎರಡೂ ಸದನಗಳ ಒಪ್ಪಿಗೆಯಿಲ್ಲದೆ ಅಧ್ಯಕ್ಷರು ಯುದ್ಧ ಸಾರುವಂತಿರಲಿಲ್ಲ. ಆದರೆ ಯುದ್ಧ ಸಾರಿದ್ದು ಎದುರಾಳಿಯಾದ್ದರಿಂದ ಆ ನಿಯಮ ಪರೀಕ್ಷೆಗೆ ಬರಲಿಲ್ಲ. ಬ್ರಿಟನ್ನಿನಲ್ಲಿ ಯುದ್ಧ ಸಾರುವುದು ರಾಜನ ಹೆಸರಿನಲ್ಲಿ ಮಂತ್ರಿಮಂಡಲ ಬಳಸುವ ಅಧಿಕಾರ. ಮಂತ್ರಿಮಂಡಲದಲ್ಲಿ ನಿಜವಾದ ವಾದ ನಡೆಯಿತು, ಜಾನ್ ಮೋರ್ಲಿ ಮತ್ತು ಜಾನ್ ಬರ್ನ್ಸ್ ರಾಜೀನಾಮೆ ಕೊಟ್ಟು ಹೊರಬಂದರು. ಆದರೂ ಫ್ರಾನ್ಸಿನ ಸೇನೆಯ ಜೊತೆ 1906ರಿಂದ ನಡೆದಿದ್ದ ಮಾತುಕತೆ ಹೆಚ್ಚಿನ ಮಂತ್ರಿಗಳಿಗೆ ಗೊತ್ತಾದದ್ದೇ 1911ರಲ್ಲಿ. ಇನ್ನು ಭಾರತ. ಲಂಡನ್ ಯುದ್ಧ ಸಾರಿದಾಗ ಭಾರತವೂ ಯುದ್ಧದೊಳಗೆ ಬಂತು, ಇಲ್ಲಿಯವರನ್ನು ಯಾರೂ ಕೇಳಲಿಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಸಮುದ್ರ ದಾಟಿ ಹೋದರು, ಸುಮಾರು 74 ಸಾವಿರ ಜನ ಸತ್ತರು.

ಈ ಅಂಕಿ ಬೋರ್ಡಿನ ಮೇಲೆ ಬಂದಾಗ ತರಗತಿಯ ಗಲಾಟೆ ತಾನಾಗಿಯೇ ಕಡಿಮೆಯಾಗುತ್ತದೆ. ಪಾತ್ರ ಹಂಚಿ ಆಡಿಸುವ ಪಾಠಗಳಲ್ಲಿ ಒಂದು ಅಪಾಯ ಇದೆ. ಮಕ್ಕಳು ಗೆಲ್ಲಲು ನೋಡುತ್ತಾರೆ, ಯುದ್ಧ ಆಟವಾಗಿಬಿಡುತ್ತದೆ. ಆದ್ದರಿಂದ ನಿರ್ಧಾರ ಮಾಡಿದವರ ಪಕ್ಕದಲ್ಲೇ, ಆ ನಿರ್ಧಾರದಿಂದ ಸತ್ತವರೂ ಪಾಠದಲ್ಲಿ ಇರಬೇಕು.

ದಾಖಲೆಗಳನ್ನು ನಂಬುವುದು ಹೇಗೆ?

ಯುದ್ಧ ಶುರುವಾದ ಕೂಡಲೇ ಸರ್ಕಾರಗಳು ತಮ್ಮ ತಮ್ಮ ತಂತಿ-ಪತ್ರಗಳ ಸಂಗ್ರಹ ಅಚ್ಚು ಹಾಕಿಸಿದವು. ಜರ್ಮನಿಯದು ಬಿಳಿ ಪುಸ್ತಕ, ಬ್ರಿಟನ್ನಿನದು ನೀಲಿ, ರಷ್ಯಾದ್ದು ಕಿತ್ತಳೆ, ಫ್ರಾನ್ಸಿನದು ಹಳದಿ, ಆಸ್ಟ್ರಿಯಾದ್ದು ಕೆಂಪು. ಪ್ರತಿಯೊಂದರಲ್ಲೂ ತಪ್ಪು ಎದುರಿನವರದೇ! ತಮಗೆ ಬೇಡವಾದದ್ದನ್ನು ಬಿಟ್ಟಿದ್ದರು, ಕೆಲವು ಕಡೆ ತಿದ್ದಿಯೂ ಇದ್ದರು. ಅಧಿಕೃತ ದಾಖಲೆ ಅಂದ ಮಾತ್ರಕ್ಕೆ ಪೂರ್ತಿ ನಿಜವಲ್ಲ ಅಂತ ತೋರಿಸಲು ಇದು ಬಹಳ ಒಳ್ಳೆಯ ಸಾಮಗ್ರಿ. ಬೆರ್ಖ್‌ಟೋಲ್ಡ್ ಆಡಿದ ಆ ಮಾತನ್ನೇ ತೆಗೆದುಕೊಳ್ಳಿ. ಅದನ್ನು ಬರೆದಿಟ್ಟವರು ಕೊನ್ರಾಡ್, ಅದೂ ಯುದ್ಧ ಸೋತ ಮೇಲೆ ಬರೆದ ನೆನಪುಗಳಲ್ಲಿ. ಯುದ್ಧ ಬೇಕು ಅಂತ ವರ್ಷಗಟ್ಟಲೆ ಹೇಳಿದ ವ್ಯಕ್ತಿ, ಗೊಂದಲ ಬರ್ಲಿನ್‌ನದು ಅಂತ ತೋರಿಸುವುದರಲ್ಲಿ ಅವರಿಗೆ ಲಾಭ ಇತ್ತಲ್ಲವೇ? ಹಾಗಂತ ಆ ಮಾತನ್ನು ಎಸೆಯಬೇಕಾಗಿಲ್ಲ. ಯಾರು, ಯಾವಾಗ, ಯಾಕೆ ಹೇಳಿದರು ಅಂತ ಪಕ್ಕದಲ್ಲಿ ಬರೆದಿಟ್ಟು ಬಳಸಬೇಕು.

ತಪ್ಪು ಯಾರದು ಅನ್ನುವ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. 1919ರ ಜೂನ್ 28ರಂದು ಸಹಿಯಾದ ವರ್ಸೇಲ್ಸ್ ಒಪ್ಪಂದದ 231ನೇ ವಿಧಿ, ನಷ್ಟದ ಹೊಣೆಯನ್ನು ಜರ್ಮನಿ ಮತ್ತು ಅದರ ಮಿತ್ರರ ಮೇಲೆ ಹಾಕಿತು. ಇತಿಹಾಸಕಾರರು ಅಂದಿನಿಂದ ಇಂದಿನವರೆಗೂ ವಾದ ಮಾಡುತ್ತಲೇ ಇದ್ದಾರೆ. ನನಗೆ ವಿಯೆನ್ನಾ ಮತ್ತು ಬರ್ಲಿನ್‌ನ ಪಾಲು ದೊಡ್ಡದು ಅನ್ನಿಸುತ್ತದೆ. ಮೊದಲ ಹೆಜ್ಜೆಗಳು ಅವರವೇ, ನಿಲ್ಲಿಸುವ ಅವಕಾಶ ಹೆಚ್ಚು ಇದ್ದದ್ದೂ ಅವರಿಗೇ. ವಿದ್ಯಾರ್ಥಿ ಬೇರೆ ತೀರ್ಮಾನಕ್ಕೆ ಬಂದರೂ ಪೂರ್ತಿ ಅಂಕ ಕೊಡಬೇಕು, ಆದರೆ ದಿನಾಂಕ ಮತ್ತು ದಾಖಲೆ ಮುಂದಿಟ್ಟು ವಾದ ಮಾಡಿರಬೇಕು.

ಹಾಗೆ ಅಂಕ ಕೊಡಬೇಕಾದರೆ ಪರೀಕ್ಷೆಯ ಪ್ರಶ್ನೆಯೂ ಬದಲಾಗಬೇಕು. 'ಕಾರಣಗಳನ್ನು ಪಟ್ಟಿ ಮಾಡಿ' ಅಂದರೆ ಪಟ್ಟಿಯೇ ಬರುತ್ತದೆ. 'ಜುಲೈ 14ರಂದು ತಿಸಾ ಒಪ್ಪದಿದ್ದರೆ ವಿಯೆನ್ನಾದ ಮುಂದೆ ಯಾವ ದಾರಿಗಳಿದ್ದವು?' ಅಂತ ಕೇಳಬಹುದು. '1913ರಲ್ಲಿ ಫಲಿಸಿದ ಮಾತುಕತೆ 1914ರಲ್ಲಿ ಯಾಕೆ ಫಲಿಸಲಿಲ್ಲ?' ಅಂತ ಕೇಳಬಹುದು. ಇವಕ್ಕೆ ಬಾಯಿಪಾಠದಿಂದ ಉತ್ತರ ಬರೆಯಲು ಆಗುವುದಿಲ್ಲ.

ಇಷ್ಟಕ್ಕೆಲ್ಲ ಪೀರಿಯಡ್ ಎಲ್ಲಿದೆ ಅಂತ ಶಿಕ್ಷಕರು ಕೇಳುವುದು ನ್ಯಾಯವೇ. ಪಾಠ ಮುಗಿಸುವ ಒತ್ತಡ ಎಲ್ಲರಿಗೂ ಇದೆ. ಎರಡೇ ಪೀರಿಯಡ್ ಸಿಕ್ಕರೆ ಉಳಿದದ್ದನ್ನೆಲ್ಲ ಬಿಟ್ಟು ಜುಲೈ 29ರಿಂದ 31ರವರೆಗಿನ ಭಾಗವನ್ನಷ್ಟೇ ತೆಗೆದುಕೊಳ್ಳಿ. ತರಗತಿಯನ್ನು ವಿಯೆನ್ನಾ, ಬರ್ಲಿನ್, ಸೇಂಟ್ ಪೀಟರ್ಸ್‌ಬರ್ಗ್, ಲಂಡನ್ ಅಂತ ನಾಲ್ಕು ಗುಂಪು ಮಾಡಿ. ಆ ಹೊತ್ತಿಗೆ ಆಯಾ ರಾಜಧಾನಿಗೆ ತಲುಪಿದ್ದ ಸುದ್ದಿಯನ್ನು ಮಾತ್ರ ಚೀಟಿಯಲ್ಲಿ ಬರೆದು ಕೊಡಿ, ತಂತಿ ತಡವಾಗಿ ಬಂದಿದ್ದರೆ ಚೀಟಿಯನ್ನೂ ತಡವಾಗಿಯೇ ಕೊಡಿ. ಬರ್ಲಿನ್ ಗುಂಪನ್ನು ಮಾತ್ರ ಎರಡು ಮಾಡಿ, ಚಾನ್ಸಲರ್ ಒಂದು ಮೂಲೆ, ಸೇನಾ ಮುಖ್ಯಸ್ಥ ಇನ್ನೊಂದು ಮೂಲೆ. ಇಬ್ಬರೂ ಒಬ್ಬರನ್ನೊಬ್ಬರು ಕೇಳದೆ ವಿಯೆನ್ನಾಕ್ಕೆ ಚೀಟಿ ಕಳಿಸಲಿ. ಎರಡನೆಯ ಪೀರಿಯಡ್‌ನಲ್ಲಿ ಎಲ್ಲ ಚೀಟಿಗಳನ್ನೂ ಗಂಟೆಯ ಪ್ರಕಾರ ಗೋಡೆಗೆ ಅಂಟಿಸಿ, ಯಾವ ಚೀಟಿಯ ಹತ್ತಿರ ಯಾರು ಬೇಡ ಅನ್ನಬಹುದಿತ್ತು ಅಂತ ಮಕ್ಕಳೇ ಗುರುತು ಹಾಕಲಿ.